ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್: ಜೀವನ ಮತ್ತು ಸಾಧನೆ

ಯುದ್ಧ ಗೆದ್ದವರ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ಕೆರೆ ಕಟ್ಟಿಸಿದವರ, ಗುಡಿ ಬಸದಿಗಳನ್ನು ಎತ್ತಿಸಿದವರ ಹೆಸರು ಜನರ ನಾಲಗೆಯ ಮೇಲೆ ಉಳಿಯುತ್ತದೆ. ಆದರೆ ಕಾಗದಪತ್ರಗಳ ನಡುವೆ ಕುಳಿತು, ಕರಾರಿನ ಒಂದೊಂದು ಷರತ್ತನ್ನೂ ತೂಗಿ ನೋಡಿ, ನಾಡಿನ ನೀರು, ನೆಲ, ಗಣಿಗಳ ಫಲ ನಾಡಿಗೇ ಸಲ್ಲುವಂತೆ ಮಾಡಿದವರ ಸೇವೆಯು ಜನರ ನೆನಪಿನಿಂದ ಬೇಗ ಮರೆಯಾಗುತ್ತದೆ. ಮೈಸೂರು ಸಂಸ್ಥಾನದ ದಿವಾನರಾಗಿ 1883ರಿಂದ 1901ರವರೆಗೆ ಹದಿನೆಂಟು ವರ್ಷಗಳ ಕಾಲ ಅಧಿಕಾರ ನಿರ್ವಹಿಸಿದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಈ ವರ್ಗಕ್ಕೆ ಸೇರಿದ ಮಹನೀಯರು. ಬೆಂಗಳೂರಿನ ಒಂದು ಬಡಾವಣೆಯೂ ಒಂದು ರಸ್ತೆಯೂ ಅವರ ಹೆಸರನ್ನು ಹೊತ್ತಿವೆ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆ ನಿಂತಿದೆ. ಆದರೂ ಆ ಹೆಸರಿನ ಹಿಂದಿರುವ ಬದುಕನ್ನು ಬಲ್ಲವರು ಇಂದು ವಿರಳ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸಿರುವ ಸಾವಿರಾರು ಕುಟುಂಬಗಳು ದಿನನಿತ್ಯ ನಡೆದಾಡುವ ಬೀದಿಗಳಿಗೂ, ಮನೆಮನೆಯ ವಿದ್ಯುದ್ದೀಪಕ್ಕೂ ಈ ಮಹನೀಯರ ದೂರದೃಷ್ಟಿಗೂ ನಿಕಟವಾದ ಸಂಬಂಧವಿದೆ.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಅವರು 1845ನೆಯ ಇಸವಿ ಜೂನ್ 1ರಂದು ಅಂದಿನ ಮದರಾಸು ಪ್ರಾಂತ್ಯದ ಮಲಬಾರು ಜಿಲ್ಲೆಯಲ್ಲಿ, ಪಾಲ್ಘಾಟಿಗೆ ಸಮೀಪದ ಕುಮಾರಪುರಂ ಗ್ರಾಮದ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್. ಹುಟ್ಟೂರಿನ ಹೆಸರೇ ಅವರ ಹೆಸರಿನ ಮೊದಲಕ್ಷರವಾಗಿ ಕೊನೆಯವರೆಗೂ ಉಳಿಯಿತು. ಮುಂದೆ ಬೆಂಗಳೂರಿನಲ್ಲಿ ಅವರು ವಾಸಿಸಿದ ಕುಮಾರಪಾರ್ಕ್ ಸಹ ಆ ಪುಟ್ಟ ಗ್ರಾಮವನ್ನೇ ನೆನಪಿಗೆ ತರುತ್ತದೆ.

ಬಾಲ್ಯದ ವ್ಯಾಸಂಗವನ್ನು ಮಲಬಾರು ಸೀಮೆಯಲ್ಲಿ ಮುಗಿಸಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಇಂಗ್ಲಿಷ್ ವಿದ್ಯೆ ದಕ್ಷಿಣದೇಶದಲ್ಲಿ ಬೇರೂರುತ್ತಿದ್ದ ಕಾಲ ಅದು. ಪದವೀಧರರ ಸಂಖ್ಯೆಯನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಬಿ.ಎ. ಪರೀಕ್ಷೆಯಲ್ಲಿ ಉನ್ನತ ಸ್ಥಾನದಲ್ಲಿ ತೇರ್ಗಡೆಯಾದ ತರುಣ ಶೇಷಾದ್ರಿ ಕಲ್ಲಿಕೋಟೆಯ ಸರ್ಕಾರಿ ಕಛೇರಿಯಲ್ಲಿ ಭಾಷಾಂತರಕಾರರಾಗಿ ಉದ್ಯೋಗ ಪ್ರಾರಂಭಿಸಿದರು. ಅಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. ಮೈಸೂರಿನಲ್ಲಿ ಆಗ ಉನ್ನತ ಹುದ್ದೆಯಲ್ಲಿದ್ದ ಸಿ. ರಂಗಾಚಾರ್ಲು ಅವರು ಈ ತರುಣನ ಪ್ರತಿಭೆಯನ್ನು ಗುರುತಿಸಿ ಸಂಸ್ಥಾನದ ಸೇವೆಗೆ ಬರಮಾಡಿಕೊಂಡರು. 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಾಡಳಿತ ಶಾಖೆಯಲ್ಲಿ ಅವರ ಮೈಸೂರು ಸೇವೆ ಆರಂಭವಾಯಿತು.

ಸೇವೆಯಲ್ಲಿದ್ದುಕೊಂಡೇ ಅವರು ಮದರಾಸು ವಿಶ್ವವಿದ್ಯಾನಿಲಯದ ಕಾನೂನು ಪದವಿಯನ್ನು ಪಡೆದರು. ಜುಡಿಷಿಯಲ್ ಕಮಿಷನರ ಕಛೇರಿಯ ಶಿರಸ್ತೇದಾರರಾಗಿ, ತುಮಕೂರಿನ ಡೆಪ್ಯುಟಿ ಕಮಿಷನರಾಗಿ, ಜಿಲ್ಲಾ ಹಾಗೂ ಸೆಷನ್ಸ್ ನ್ಯಾಯಾಧೀಶರಾಗಿ ಅವರು ಗಳಿಸಿದ ಅನುಭವ ವಿಶಾಲವಾದದ್ದು. ರೈತನ ಕಂದಾಯದ ತಕರಾರಿನಿಂದ ಹಿಡಿದು ಮರಣದಂಡನೆಯ ಮೊಕದ್ದಮೆಯವರೆಗೆ ಎಲ್ಲವೂ ಅವರ ಮೇಜಿನ ಮೇಲೆ ಬಂದು ಹೋದವು. ದಾಖಲೆಯನ್ನು ಪೂರ್ಣವಾಗಿ ಓದದೆ ಅಭಿಪ್ರಾಯ ಕೊಡಬಾರದೆಂಬ ನ್ಯಾಯಸ್ಥಾನದ ಶಿಸ್ತು ಅವರ ಮುಂದಿನ ಕಾರ್ಯಗಳಿಗೆಲ್ಲ ಬುನಾದಿಯಾಯಿತು.

ದಿವಾನಗಿರಿಯ ಹೊಣೆ

1881ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಶ್ರೀ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿ ಒಪ್ಪಿಸಿದಾಗ ರಂಗಾಚಾರ್ಲು ಅವರು ಮೊದಲ ದಿವಾನರಾದರು. ಆದರೆ ಎರಡು ವರ್ಷ ತುಂಬುವಷ್ಟರಲ್ಲಿ, 1883ರ ಜನವರಿಯಲ್ಲಿ, ಅವರು ಕಾಲವಾದರು. ಆ ಸ್ಥಾನಕ್ಕೆ ಇನ್ನೂ ನಲವತ್ತು ತುಂಬದ ಶೇಷಾದ್ರಿ ಅಯ್ಯರ್ ಅವರು ನೇಮಕಗೊಂಡರು.

ಅವರು ವಹಿಸಿಕೊಂಡ ಮನೆ ಸುಭಿಕ್ಷವಾಗಿರಲಿಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಸಂಸ್ಥಾನದ ಸುಮಾರು ಹತ್ತು ಲಕ್ಷ ಜನರು ಅಸುನೀಗಿದ್ದರು. ದನಕರುಗಳು ನಾಶವಾಗಿದ್ದವು, ಕೆರೆಗಳು ಹೂಳು ತುಂಬಿದ್ದವು. ಕ್ಷಾಮ ಪರಿಹಾರಕ್ಕೆಂದು ತಂದ ಸಾಲದ ಹೊರೆ ಖಜಾನೆಯ ಮೇಲಿತ್ತು. ಇದರ ಜೊತೆಗೆ ಪ್ರತಿವರ್ಷ ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಅದನ್ನು ಮೂವತ್ತೈದು ಲಕ್ಷಕ್ಕೆ ಏರಿಸುವ ಷರತ್ತು ಅಧಿಕಾರ ಹಸ್ತಾಂತರದ ಪತ್ರದಲ್ಲಿಯೇ ಅಡಗಿತ್ತು. ಆದಾಯ ಬೆಳೆಯದಿದ್ದರೆ ಮರಳಿ ಬಂದ ರಾಜ್ಯವು ಮತ್ತೆ ಕೈಜಾರುವ ಅಪಾಯವಿತ್ತು.

ರೈತನ ಮೇಲೆ ತೆರಿಗೆ ಏರಿಸಿ ಖಜಾನೆ ತುಂಬಿಸುವುದು ಸುಲಭದ ಮಾರ್ಗ. ಕ್ಷಾಮದಿಂದ ಬಳಲಿದ್ದ ನಾಡಿಗೆ ಅದು ಮಾರಕವಾಗುತ್ತಿತ್ತು. ಆದ್ದರಿಂದ ಶೇಷಾದ್ರಿ ಅಯ್ಯರ್ ಅವರು ರೈಲುಮಾರ್ಗ, ನೀರಾವರಿ, ಗಣಿ, ಉದ್ಯಮಗಳ ಕಡೆಗೆ ದೃಷ್ಟಿ ಹರಿಸಿದರು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಬೀರೂರುಗಳ ಮೂಲಕ ಹರಿಹರದವರೆಗೂ ರೈಲು ಓಡತೊಡಗಿತು. ಮೈಸೂರಿನಿಂದ ನಂಜನಗೂಡಿಗೆ, ಯಶವಂತಪುರದಿಂದ ಹಿಂದೂಪುರದತ್ತ, ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿಗಳು ಬಿದ್ದವು. ವಾಣಿವಿಲಾಸ ಸಾಗರವೆಂದು ಪ್ರಸಿದ್ಧವಾದ ಹಿರಿಯೂರು ಬಳಿಯ ಮಾರಿಕಣಿವೆಯ ಅಣೆಕಟ್ಟೆಗೆ 1898ರಲ್ಲಿ ಕೈಹಾಕಲಾಯಿತು. ಆ ಕಾಮಗಾರಿ 1907ರಲ್ಲಿ ಪೂರ್ಣಗೊಂಡಿತು. ಆಡಳಿತ ಮರಳಿ ಬಂದ ವರ್ಷ ಸುಮಾರು 103 ಲಕ್ಷ ರೂಪಾಯಿಗಳಿದ್ದ ಸಂಸ್ಥಾನದ ವಾರ್ಷಿಕ ಆದಾಯ 1895ರ ವೇಳೆಗೆ ಸುಮಾರು 180 ಲಕ್ಷಕ್ಕೆ ಏರಿತು.

ನ್ಯಾಯಾಡಳಿತದಲ್ಲಿಯೂ ಅವರ ಹೆಜ್ಜೆಗುರುತು ಸ್ಪಷ್ಟವಾಗಿದೆ. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಜಾರಿಗೆ ಬಂದಿತು. ಸರ್ಕಾರಿ ನೌಕರರಿಗೆ ಜೀವವಿಮೆಯ ಯೋಜನೆ 1891ರಲ್ಲಿ ಪ್ರಾರಂಭವಾಯಿತು. ಎಳೆಯ ಬಾಲಿಕೆಯರ ವಿವಾಹವನ್ನು ತಡೆಯುವ ಕಾನೂನು 1894ರಲ್ಲಿ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿಯೂ ಆಗ ಇಂತಹ ಧೈರ್ಯ ಕಾಣಬರಲಿಲ್ಲ.

ಚಿನ್ನದ ಗಣಿಗಳು ಮತ್ತು ಗುತ್ತಿಗೆಯ ನ್ಯಾಯ

ಕೋಲಾರ ಜಿಲ್ಲೆಯಲ್ಲಿ ಚಿನ್ನ ತೆಗೆಯುವ ಪರವಾನಗಿಯನ್ನು 1875ರಲ್ಲಿ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು ಪಡೆದಿದ್ದನು. ಅದು ಅವನ ಕೈಯಿಂದ ಬಂಡವಾಳಗಾರರ ಕೈಗೆ ಹೋಗಿ, 1880ರ ಸುಮಾರಿಗೆ ಲಂಡನ್ನಿನಲ್ಲಿ ಗಣಿ ಕಂಪನಿಗಳು ಹುಟ್ಟಿಕೊಂಡವು. ಮೊದಲ ವರ್ಷಗಳಲ್ಲಿ ಹಣವೆಲ್ಲ ನೆಲದೊಳಗೆ ಹೂತುಹೋಗಿ ಷೇರುದಾರರು ನಿರಾಶರಾಗಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ಇನ್ನಷ್ಟು ಆಳಕ್ಕೆ ಹೋದಾಗ ಸಮೃದ್ಧವಾದ ಅದಿರಿನ ಪದರ ದೊರೆಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಜಗತ್ಪ್ರಸಿದ್ಧವಾದವು.

ಗಣಿಯ ಯಂತ್ರ ವಿದೇಶದ್ದು, ಬಂಡವಾಳ ವಿದೇಶದ್ದು, ಲಾಭ ಹಂಚಿಕೆ ವಿದೇಶದಲ್ಲಿ. ಸಂಸ್ಥಾನಕ್ಕೆ ಉಳಿಯುವುದು ಗುತ್ತಿಗೆಯ ಪತ್ರದಲ್ಲಿ ಬರೆದಷ್ಟೇ. ತೆಗೆದ ಚಿನ್ನದ ಮೌಲ್ಯದ ಮೇಲೆ ಶೇಕಡಾ 5ರಷ್ಟು ರಾಜಧನ ಸಂಸ್ಥಾನಕ್ಕೆ ಸಲ್ಲಬೇಕಾಗಿತ್ತು. ಈ ಹಣ ಲಾಭವನ್ನು ಅವಲಂಬಿಸಿದ್ದಲ್ಲ, ಉತ್ಪತ್ತಿಯನ್ನು ಅವಲಂಬಿಸಿದ್ದು. ಕಂಪನಿಯ ಲೆಕ್ಕಪತ್ರದಲ್ಲಿ ಖರ್ಚು ಎಷ್ಟೇ ಬೆಳೆದರೂ ಸಂಸ್ಥಾನದ ಪಾಲು ಕರಗುವಂತಿರಲಿಲ್ಲ. ಕಾನೂನು ಬಲ್ಲ ದಿವಾನರು ಇದರ ಬೆಲೆಯನ್ನು ಚೆನ್ನಾಗಿ ಅರಿತಿದ್ದರು. ಗಣಿಗಳಿಗೆ ರೈಲುಮಾರ್ಗ ಕಲ್ಪಿಸಿದರು, ಚಿನ್ನದ ಕಳವನ್ನು ತಡೆಯಲು ನಿಬಂಧನೆಗಳನ್ನು ತಂದರು, ಗಣಿಗಳ ಬೆಳವಣಿಗೆಗೆ ಅಡ್ಡಿಯಾಗದಂತೆ ನೋಡಿಕೊಂಡರು. ಗಣಿ ಬೆಳೆದಷ್ಟೂ ರಾಜಧನ ಬೆಳೆಯಿತು. ಸಂಸ್ಥಾನದ ಖನಿಜ ಸಂಪತ್ತನ್ನು ಶಾಸ್ತ್ರೀಯವಾಗಿ ತಿಳಿಯಲು 1894ರಲ್ಲಿ ಭೂಗರ್ಭಶಾಸ್ತ್ರ ಇಲಾಖೆಯನ್ನೂ ಸ್ಥಾಪಿಸಿದರು. ಖ್ಯಾತ ವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಅದರ ಮೊದಲ ಮುಖ್ಯಸ್ಥರಾದರು.

ಕಾವೇರಿಯ ಒಪ್ಪಂದ

ಶೇಷಾದ್ರಿ ಅಯ್ಯರ್ ಅವರ ಕಾಲದ ಕಾರ್ಯಗಳಲ್ಲಿ ಹೆಚ್ಚು ಟೀಕೆಗೆ ಗುರಿಯಾಗಿರುವುದು 1892ರ ಮೈಸೂರು–ಮದರಾಸು ಒಪ್ಪಂದ. ಕ್ಷಾಮದ ನಂತರ ಮೈಸೂರು ತನ್ನ ಕೆರೆಗಳನ್ನು ದುರಸ್ತಿ ಮಾಡಿ ಹೊಸ ಕಾಮಗಾರಿಗಳಿಗೆ ಕೈಹಾಕಿದಾಗ ಕೆಳಗಿನ ಮದರಾಸು ಆಕ್ಷೇಪವೆತ್ತಿತು. ಮದರಾಸು ಬ್ರಿಟಿಷರ ನೇರ ಆಡಳಿತದ ಪ್ರಾಂತ್ಯ, ಮೈಸೂರು ಅವರ ಅಧೀನದ ಸಂಸ್ಥಾನ. ವ್ಯಾಜ್ಯದ ಎರಡು ಪಕ್ಷಗಳು ಸಮಬಲದವಾಗಿರಲಿಲ್ಲ. ಹೆಸರಿಸಿದ ಮುಖ್ಯ ನದಿಗಳ ಮೇಲೆ ಮದರಾಸಿನ ಪೂರ್ವಾನುಮತಿಯಿಲ್ಲದೆ ಹೊಸ ಜಲಾಶಯ ಕಟ್ಟಬಾರದೆಂಬ ಷರತ್ತಿಗೆ ಮೈಸೂರು ಒಪ್ಪಬೇಕಾಯಿತು. ಮುಂದಿನ ತಲೆಮಾರುಗಳಿಗೆ ಇದು ಸಂಕೋಲೆಯಾಗಿ ಕಂಡದ್ದು ಸಹಜವೇ.

ಆದರೆ ಅದೇ ಒಪ್ಪಂದದಲ್ಲಿ ಇನ್ನೆರಡು ಮಾತುಗಳೂ ಇದ್ದವು. ಆಗಲೇ ಸಂಪಾದಿತವಾಗಿ ವಾಸ್ತವವಾಗಿ ಅಸ್ತಿತ್ವದಲ್ಲಿರುವ ಹಕ್ಕುಗಳ ರಕ್ಷಣೆಗೆ ಹೊರತು ಮದರಾಸು ಅನುಮತಿ ನಿರಾಕರಿಸಬಾರದು. ಭಿನ್ನಾಭಿಪ್ರಾಯ ಬಂದಲ್ಲಿ ಅದನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕು. ಕನ್ನಂಬಾಡಿಯ ಅಣೆಕಟ್ಟೆಯ ವಿಷಯದಲ್ಲಿ ವಿವಾದ ಎದ್ದಾಗ ಮೈಸೂರು ಹಿಡಿದದ್ದು ಈ ಬಾಗಿಲನ್ನೇ. 1914ರಲ್ಲಿ ಬಂದ ಮಧ್ಯಸ್ಥಿಕೆಯ ತೀರ್ಪಿಗೂ, ತರುವಾಯ 1924ರಲ್ಲಿ ಆದ ಹೊಸ ಒಪ್ಪಂದಕ್ಕೂ ಇದೇ ಹಿನ್ನೆಲೆ. ಗೆಲ್ಲಲಾಗದ ವ್ಯಾಜ್ಯದಲ್ಲಿ ಪೂರ್ಣವಾಗಿ ಸೋಲದಂತೆ ಒಂದು ವಾಕ್ಯವನ್ನು ಉಳಿಸಿಕೊಳ್ಳುವುದು ನುರಿತ ವಕೀಲನ ಲಕ್ಷಣ. ಒಪ್ಪಂದದ ಗುಣದೋಷಗಳನ್ನು ಅಳೆಯುವವರು ಈ ಎರಡನ್ನೂ ತಕ್ಕಡಿಯಲ್ಲಿಡಬೇಕಾಗುತ್ತದೆ.

ಶಿವನಸಮುದ್ರದ ಶಕ್ತಿ

ಇಷ್ಟೆಲ್ಲ ಕಾರ್ಯಗಳ ಕಳಶಪ್ರಾಯವಾದದ್ದು ಶಿವನಸಮುದ್ರದ ಜಲವಿದ್ಯುತ್ ಯೋಜನೆ. ಕಾವೇರಿಯು ಅಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಯಾತ್ರಿಕರು ಕೈಮುಗಿದು, ಪ್ರವಾಸಿಗಳು ಕಣ್ತುಂಬ ನೋಡಿ ಹಿಂದಿರುಗುತ್ತಿದ್ದ ಆ ಜಲಧಾರೆಯಿಂದ ಶಕ್ತಿಯನ್ನು ಪಡೆಯಬಹುದೆಂಬ ಆಲೋಚನೆ 1890ರ ದಶಕದಲ್ಲಿ ಮೂಡಿತು. ಮದರಾಸಿನ ಖಾಸಗಿ ಉದ್ಯಮಿಗಳೂ ಜಲಪಾತದ ಬಳಕೆಗೆ ಆಸಕ್ತಿ ತೋರಿಸಿದ್ದರು. ಅವರಿಗೆ ಹಕ್ಕನ್ನು ಕೊಟ್ಟು ವರ್ಷಕ್ಕಿಷ್ಟು ಎಂದು ಬಾಡಿಗೆ ಪಡೆದಿದ್ದರೆ ಸಂಸ್ಥಾನಕ್ಕೆ ಶ್ರಮವಿಲ್ಲ, ನಷ್ಟದ ಭಯವೂ ಇಲ್ಲ. ಆದರೆ ನದಿಯ ಶಕ್ತಿ ಒಮ್ಮೆ ಖಾಸಗಿಯವರ ಸ್ವತ್ತಾದರೆ ಅದನ್ನು ಮರಳಿ ಪಡೆಯುವುದು ಸುಲಭವಲ್ಲ.

ಆಗ ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಉಪ ಮುಖ್ಯ ಇಂಜಿನಿಯರಾಗಿದ್ದ ಕೆನಡಾ ದೇಶದ ಸೇನಾಧಿಕಾರಿ ಎ. ಜೋಲಿ ಡಿ ಲಾಟ್‌ಬಿನಿಯರ್ ಅವರು ಯೋಜನೆಯನ್ನು ಪರಿಶೀಲಿಸಿ, ಜಲಪಾತದಿಂದ ಕೋಲಾರದ ಗಣಿಗಳವರೆಗೆ ತಂತಿಯ ಮೂಲಕ ವಿದ್ಯುತ್ತನ್ನು ಸಾಗಿಸಬಹುದೆಂದು ವರದಿ ಮಾಡಿದರು. ಅಂತರ 92 ಮೈಲಿ. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸುವ ಸಾಹಸ ಆಗಿನ ಕಾಲಕ್ಕೆ ಯೂರೋಪು ಅಮೆರಿಕಗಳಲ್ಲಿಯೂ ಅಪರೂಪ. ಭಾರತದಲ್ಲಿ ಆ ವೇಳೆಗೆ ಇದ್ದದ್ದು 1897ರಲ್ಲಿ ಡಾರ್ಜಿಲಿಂಗಿನಲ್ಲಿ ಊರದೀಪಕ್ಕೆಂದು ಮಾಡಿದ ಸಣ್ಣ ಜಲವಿದ್ಯುತ್ ಕೇಂದ್ರ ಮಾತ್ರ. ಲಾಟ್‌ಬಿನಿಯರ್ ಅವರನ್ನು ಯೂರೋಪು ಮತ್ತು ಅಮೆರಿಕಗಳಿಗೆ ಕಳುಹಿಸಿ ನಯಾಗರವೇ ಮೊದಲಾದ ಸ್ಥಾವರಗಳನ್ನು ನೋಡಿ ಬರುವ ವ್ಯವಸ್ಥೆ ಮಾಡಲಾಯಿತು.

ಇಂಜಿನಿಯರು ಆಗಬಹುದೆಂದು ಹೇಳಿದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲ. ಕ್ಷಾಮದ ಸಾಲ ಕಂಡ ಸಂಸ್ಥಾನವು ಲಕ್ಷಾಂತರ ರೂಪಾಯಿಗಳನ್ನು ನೀರಿಗೆ ಹಾಕಬಹುದೇ? ಯಂತ್ರ ಬಂದ ಮೇಲೆ ಗಣಿಯವರು ವಿದ್ಯುತ್ ಬೇಡವೆಂದರೆ? ಯಂತ್ರ ಕೊಟ್ಟವರ ಮಾತು ಸುಳ್ಳಾದರೆ? ನದಿಯ ಆಚೆ ದಡವಾದ ಕೊಳ್ಳೇಗಾಲ ಸೀಮೆ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಮದರಾಸು ತಕರಾರು ಮಾಡಿದರೆ? ದಿವಾನರ ಕಾನೂನು ಪರಿಜ್ಞಾನ ಪೂರ್ಣವಾಗಿ ಕೆಲಸಕ್ಕೆ ಬಂದದ್ದು ಇಲ್ಲಿಯೇ. ಮೊದಲು ಕೊಳ್ಳುವವರನ್ನು ಕರಾರಿನಿಂದ ಕಟ್ಟಿಹಾಕಿ, ಅನಂತರ ಕಟ್ಟಡದ ಕಲ್ಲನ್ನಿಡುವುದು ಅವರು ಹಿಡಿದ ಕ್ರಮ. ಗಣಿ ಕಂಪನಿಗಳು 4,000 ಅಶ್ವಶಕ್ತಿಯಷ್ಟು ವಿದ್ಯುತ್ತನ್ನು ಕೊಳ್ಳುವುದಾಗಿ ಹಲವು ವರ್ಷಗಳ ಅವಧಿಗೆ ಒಪ್ಪಿದವು. ಸೌದೆ ಮತ್ತು ಕಲ್ಲಿದ್ದಲನ್ನು ಉರಿಸಿ ಹಬೆಯಂತ್ರ ನಡೆಸುತ್ತಿದ್ದ ಗಣಿಗಳಿಗೂ ಇದು ಲಾಭದಾಯಕವಾಗಿತ್ತು. ಗಣಿ ಆಳವಾದಂತೆ ಇಂಧನದ ವೆಚ್ಚ ಏರುತ್ತಿತ್ತು, ಸುತ್ತಣ ಕಾಡು ಬರಿದಾಗುತ್ತಿತ್ತು. ವಿದ್ಯುತ್ ಯಂತ್ರಗಳ ಪೂರೈಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಸೇರಿತು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ ಬಂದವು. ಭಾರತ ಸರ್ಕಾರದ ಒಪ್ಪಿಗೆಯೂ ದೊರೆಯಿತು.

ಇದೆಲ್ಲವೂ ನಡೆದದ್ದು ಕಷ್ಟಕಾಲದಲ್ಲಿ. ಶ್ರೀ ಚಾಮರಾಜೇಂದ್ರ ಒಡೆಯರ್ ಅವರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಿಕವಾಗಿ ಸ್ವರ್ಗಸ್ಥರಾಗಿದ್ದರು. ಶ್ರೀ ಕೃಷ್ಣರಾಜ ಒಡೆಯರ್ ಅವರು ಆಗ ಬಾಲಕರು. ಮಾತೃಶ್ರೀ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ವಹಿಸಿಕೊಂಡಿದ್ದರು. ಹೊಸ ಸಾಹಸ ವಿಫಲವಾದರೆ ಅಪವಾದವೆಲ್ಲ ದಿವಾನರ ತಲೆಗೆ ಬರುವುದು ಖಚಿತವಾಗಿತ್ತು. ಮಹಾರಾಣಿಯವರ ವಿಶ್ವಾಸವೇ ಅವರಿಗೆ ಬಲವಾಯಿತು.

ದೂರದ ದೇಶಗಳಿಂದ ಹಡಗಿನಲ್ಲಿ ಬಂದ ಭಾರವಾದ ಯಂತ್ರಗಳನ್ನು ರೈಲು ನಿಲ್ದಾಣದಿಂದ ಜಲಪಾತದವರೆಗೆ ಎತ್ತುಗಳೂ ಆನೆಗಳೂ ಎಳೆದು ತಂದವು. ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು ನಿಂತವು. 30,000 ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡದ ತಂತಿಗಳು ಹೊಲಗದ್ದೆ, ಕಾಡುಮೇಡುಗಳನ್ನು ದಾಟಿ ಕೋಲಾರ ಸೇರಿದವು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲದಲ್ಲಿ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು.

ಆದರೆ ಆ ದಿನವನ್ನು ನೋಡುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗೆ ಇರಲಿಲ್ಲ.

ಪ್ಲೇಗು ಮತ್ತು ಹೊಸ ಬಡಾವಣೆಗಳು

ಬೆಂಗಳೂರು ನಗರದ ಇಂದಿನ ರೂಪಕ್ಕೂ ಅವರಿಗೂ ಇರುವ ಸಂಬಂಧವನ್ನು ಇಲ್ಲಿ ನೆನೆಯಬೇಕು. ಕೆಂಪೇಗೌಡರ ಕಾಲದ ಪೇಟೆಯು ಕಿರಿದಾದ ಬೀದಿಗಳಲ್ಲಿ ಕಿಕ್ಕಿರಿದು ತುಂಬಿತ್ತು. ದೊಡ್ಡಪೇಟೆ, ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಅಂಗಡಿಯ ಮೇಲೆ ಮನೆ, ಮನೆಯ ಹಿಂದೆ ದನದ ಕೊಟ್ಟಿಗೆ. ಕೋಟೆಯ ಪಶ್ಚಿಮಕ್ಕೆ 1892ರಲ್ಲಿ ವಿಶಾಲವಾದ ನೇರ ರಸ್ತೆಗಳೊಡನೆ ನಿರ್ಮಾಣಗೊಂಡ ಬಡಾವಣೆಗೆ ಮಹಾರಾಜರ ಹೆಸರಿನಿಂದ ಚಾಮರಾಜಪೇಟೆ ಎಂಬ ನಾಮಕರಣವಾಯಿತು. ಉತ್ತರದಲ್ಲಿ ರೂಪುಗೊಂಡ ಬಡಾವಣೆ ದಿವಾನರ ಹೆಸರಿನಿಂದ ಶೇಷಾದ್ರಿಪುರವಾಯಿತು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಲಿ ಬಿದ್ದ ಮನೆಗೆ ಬೀಗ ಹಾಕಿ ಜನ ಊರ ಹೊರಗಿನ ಜೋಪಡಿಗಳಿಗೆ ಓಡಿದರು. ವ್ಯಾಪಾರ ನಿಂತಿತು. ಹೆಣ ಹೊರುವವರು ಸಿಗದ ದಿನಗಳೂ ಬಂದವು. ಪ್ಲೇಗ್ ಕಮಿಷನರಾಗಿ ನೇಮಕಗೊಂಡ ವಿ. ಪಿ. ಮಾಧವರಾವ್ ಅವರು ನಿರ್ಭಯವಾಗಿ ದುಡಿದರು. ರೋಗ ಹರಡಲು ಕಿಕ್ಕಿರಿದ ವಸತಿಯೇ ಮುಖ್ಯ ಕಾರಣವೆಂಬುದು ಸ್ಪಷ್ಟವಾದಾಗ ದಕ್ಷಿಣದಲ್ಲಿ ಬಸವನಗುಡಿ, ವಾಯವ್ಯದಲ್ಲಿ ಮಲ್ಲೇಶ್ವರ ಬಡಾವಣೆಗಳ ಕಾರ್ಯ ತ್ವರಿತಗೊಂಡಿತು. ಒಂದು ದೊಡ್ಡ ಬಸವಣ್ಣನ ಗುಡಿಯ ಹೆಸರನ್ನು, ಇನ್ನೊಂದು ಕಾಡುಮಲ್ಲೇಶ್ವರನ ಹೆಸರನ್ನು ಪಡೆಯಿತು. ಗಾಳಿ ಬೆಳಕು ಬರುವಂತೆ ಮನೆಯ ಸುತ್ತ ಬಯಲು, ಮನೆಗಳ ಹಿಂದೆ ಶುಚಿತ್ವಕ್ಕಾಗಿ ಓಣಿ, ಅಗಲವಾದ ಅಡ್ಡರಸ್ತೆಗಳು, ಸಾಲುಮರಗಳು: ಬೆಂಗಳೂರಿಗರು ಇಂದಿಗೂ ಹೆಮ್ಮೆಪಡುವ ಈ ವ್ಯವಸ್ಥೆಯು ಸಾವಿನ ಭಯದ ನಡುವೆ ರೂಪುಗೊಂಡದ್ದು.

ನೀರಿಲ್ಲದೆ ಬಡಾವಣೆ ಬೆಳೆಯಲಾರದು. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನು ನಂಬಿದ್ದ ನಗರಕ್ಕೆ ಅರ್ಕಾವತಿಯ ಹೆಸರಘಟ್ಟದಿಂದ ನೀರು ತರುವ ಚಾಮರಾಜೇಂದ್ರ ಜಲಕಾರ್ಯ ಅವರ ಕಾಲದಲ್ಲಿಯೇ ಆಯಿತು. ಮಹಾರಾಣಿ ವಿಕ್ಟೋರಿಯಾ ಹೆಸರಿನ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿದ್ದು 1900ರಲ್ಲಿ ಅದು ತೆರೆಯಿತು. ಲಾಲ್‌ಬಾಗಿನ ಗಾಜಿನ ಮನೆಯೂ ಅವರ ಆಡಳಿತದ ಅವಧಿಯದೇ.

ಉದ್ಯಮಿಗಳಿಗೆ ಆಹ್ವಾನ

ಸಂಸ್ಥಾನದಲ್ಲಿ ಕೈಗಾರಿಕೆ ಬೆಳೆಯಬೇಕೆಂಬ ಹಂಬಲದಿಂದ ಶೇಷಾದ್ರಿ ಅಯ್ಯರ್ ಅವರು ಹೊರಗಿನ ಉದ್ಯಮಿಗಳನ್ನು ಆದರದಿಂದ ಬರಮಾಡಿಕೊಂಡರು. ಅವರಲ್ಲಿ ಅಗ್ರಗಣ್ಯರು ಜಮ್‌ಶೆಟ್‌ಜಿ ಟಾಟಾ. ಟಿಪ್ಪೂಸುಲ್ತಾನನ ಕಾಲದಿಂದ ಬಂದಿದ್ದ ರೇಷ್ಮೆ ವ್ಯವಸಾಯ ರೋಗದಿಂದ ಕುಸಿದಿದ್ದಾಗ ಟಾಟಾ ಅವರು ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಆರಂಭಿಸಿದರು. ಸಂಸ್ಥಾನವು ಭೂಮಿಯನ್ನೂ ವಾರ್ಷಿಕ ಧನಸಹಾಯವನ್ನೂ ಒದಗಿಸಿತು. ಬಸವನಗುಡಿಯ ಮಗ್ಗುಲಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಸ್ಥಳನಾಮ ಆ ತೋಟದ ಗುರುತಾಗಿ ಉಳಿದಿದೆ. ಟಾಟಾ ಅವರು ಉನ್ನತ ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಲು ಸಂಕಲ್ಪಿಸಿದಾಗಲೂ ದಿವಾನರು ಅದು ಬೆಂಗಳೂರಿಗೇ ಬರಬೇಕೆಂದು ಉತ್ಸಾಹ ತೋರಿದರು. ಮುಂದೆ ಮೈಸೂರು ಸರ್ಕಾರವು ಮಲ್ಲೇಶ್ವರದ ಉತ್ತರದಲ್ಲಿ 370 ಎಕರೆಗೂ ಮಿಕ್ಕಿದ ಭೂಮಿಯನ್ನು ಉದಾರವಾಗಿ ನೀಡಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಮಂದಿರ ಇಂದಿಗೂ ಅಲ್ಲಿಯೇ ಬೆಳಗುತ್ತಿದೆ.

ಸಂಸ್ಕೃತಿಯ ರಕ್ಷಣೆ

ವ್ಯವಹಾರಕುಶಲರಾದ ದಿವಾನರು ನಾಡಿನ ಪ್ರಾಚೀನ ಸಂಪತ್ತನ್ನು ಅಲಕ್ಷಿಸಲಿಲ್ಲ. ಅವರ ಅಧಿಕಾರಾವಧಿಯಲ್ಲಿ, 1885ರಲ್ಲಿ, ಪ್ರಾಚ್ಯವಸ್ತು ಸಂಶೋಧನೆಗೆ ಪ್ರತ್ಯೇಕ ಇಲಾಖೆ ಹುಟ್ಟಿಕೊಂಡಿತು. ಬಿ. ಎಲ್. ರೈಸ್ ಅವರು ಅದರ ಹೊಣೆ ಹೊತ್ತು ಊರೂರು ತಿರುಗಿ ಶಾಸನಗಳ ಪ್ರತಿ ಮಾಡಿಸಿದರು. ಶ್ರವಣಬೆಳಗೊಳದ ಶಾಸನಗಳ ಸಂಪುಟವು 1889ರಲ್ಲಿ ಸರ್ಕಾರದ ವೆಚ್ಚದಿಂದಲೇ ಪ್ರಕಟವಾಯಿತು. ಚಂದ್ರಗಿರಿ ವಿಂಧ್ಯಗಿರಿಗಳ ಬಂಡೆಗಳ ಮೇಲೆ ಮಳೆ ಬಿಸಿಲುಗಳಿಗೆ ಸವೆಯುತ್ತಿದ್ದ 144 ಶಾಸನಗಳು ಹೀಗೆ ಲೋಕಕ್ಕೆ ತಿಳಿದವು. ಗಂಗರ, ರಾಷ್ಟ್ರಕೂಟರ, ಹೊಯ್ಸಳರ ಕಾಲದ ಜೈನ ಮುನಿಪರಂಪರೆ, ಸಲ್ಲೇಖನದ ನಿಸದಿಗಳು, ದಾನಧರ್ಮಗಳ ವಿವರ ಚರಿತ್ರಕಾರರಿಗೆ ದೊರೆತದ್ದು ಆ ಸಂಪುಟದಿಂದ. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 500 ಶಾಸನಗಳಿಗೆ ವಿಸ್ತರಿಸಿದರು.

1892ರಲ್ಲಿ ಪರಿವ್ರಾಜಕರಾಗಿ ಬೆಂಗಳೂರಿಗೆ ಬಂದ ಸ್ವಾಮಿ ವಿವೇಕಾನಂದರನ್ನು ಅತಿಥಿಯಾಗಿ ಆದರಿಸಿ ಮಹಾರಾಜರಿಗೆ ಪರಿಚಯಿಸಿದವರೂ ಶೇಷಾದ್ರಿ ಅಯ್ಯರ್ ಅವರೇ. ಚಿಕಾಗೋ ಸಮ್ಮೇಳನಕ್ಕೆ ಹೋಗುವ ಮುನ್ನ, ಲೋಕಕ್ಕೆ ಇನ್ನೂ ಅಪರಿಚಿತರಾಗಿದ್ದ ತರುಣ ಸಂನ್ಯಾಸಿಯ ಯೋಗ್ಯತೆಯನ್ನು ಗುರುತಿಸಿದ್ದು ಅವರ ಗುಣಗ್ರಹಣ ಶಕ್ತಿಗೆ ನಿದರ್ಶನ.

ಟೀಕೆಗಳು

ಅವರ ಆಡಳಿತವು ಸರ್ವಸಮ್ಮತವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಉನ್ನತ ಹುದ್ದೆಗಳಲ್ಲಿ ಮದರಾಸು ಕಡೆಯವರೇ ತುಂಬಿದ್ದಾರೆ, ಮೈಸೂರಿನವರಿಗೆ ಅವಕಾಶವಿಲ್ಲ ಎಂಬ ದೂರು ಪ್ರಬಲವಾಗಿತ್ತು. ತಾತಯ್ಯನವರೆಂದು ಪ್ರಖ್ಯಾತರಾದ ಎಂ. ವೆಂಕಟಕೃಷ್ಣಯ್ಯನವರೇ ಮೊದಲಾದ ಪತ್ರಿಕಾಕರ್ತರು ಸರ್ಕಾರದ ನೀತಿಯನ್ನು ನಿರ್ಭಯವಾಗಿ ವಿಮರ್ಶಿಸಿದರು. ರಂಗಾಚಾರ್ಲು ಅವರು ಆರಂಭಿಸಿದ್ದ ಪ್ರಜಾಪ್ರತಿನಿಧಿ ಸಭೆಗೆ 1891ರಿಂದ ಚುನಾವಣೆಯ ಪದ್ಧತಿ ಬಂದರೂ ಸಭೆಯ ಅಧಿಕಾರ ಹೆಚ್ಚಲಿಲ್ಲ. ಅಧಿಕಾರವೆಲ್ಲ ದಿವಾನರ ಕೈಯಲ್ಲಿಯೇ ಕೇಂದ್ರೀಕೃತವಾಯಿತೆಂಬ ಆಕ್ಷೇಪವೂ ನಿರಾಧಾರವಾದುದಲ್ಲ. ಆದರೆ ಅವರನ್ನು ಕಟುವಾಗಿ ಟೀಕಿಸಿದವರ ಮಕ್ಕಳು ಮೊಮ್ಮಕ್ಕಳೂ ಶಿವನಸಮುದ್ರದ ಬೆಳಕಿನಲ್ಲಿ ಪಾಠ ಓದಿದರು.

ಕೊನೆಯ ದಿನಗಳು

1887ರಲ್ಲಿ ಸಿ.ಎಸ್.ಐ., 1893ರಲ್ಲಿ ಕೆ.ಸಿ.ಎಸ್.ಐ. ಬಿರುದುಗಳು ಅವರಿಗೆ ಸಂದವು. ಸತತ ದುಡಿಮೆಯಿಂದ ಆರೋಗ್ಯ ಕುಸಿಯಿತು. 1901ರಲ್ಲಿ ಅವರು ಅನಾರೋಗ್ಯದ ನಿಮಿತ್ತ ಅಧಿಕಾರದಿಂದ ನಿವೃತ್ತರಾದರು. ವಿಶ್ರಾಂತಿಯ ಸುಖವೂ ಅವರಿಗೆ ದಕ್ಕಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 13ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು. ಶಿವನಸಮುದ್ರದಲ್ಲಿ ಕಂಬಗಳು ಏಳುತ್ತಿದ್ದವು. ವಿದ್ಯುತ್ತು ಹರಿಯಲು ಇನ್ನೂ ಒಂಬತ್ತು ತಿಂಗಳು ಬಾಕಿ ಇತ್ತು.

1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1908ರಲ್ಲಿ ಮೈಸೂರು ನಗರಕ್ಕೂ ಆ ಬೆಳಕು ಬಂದಿತು. ಗಣಿಗಳಿಗೆ ವರ್ಷವಿಡೀ ತಡೆಯಿಲ್ಲದೆ ವಿದ್ಯುತ್ ಒದಗಿಸಲು ನೀರಿನ ಸಂಗ್ರಹ ಅಗತ್ಯವಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾಗಲು ಇದೂ ಒಂದು ಪ್ರಬಲ ಕಾರಣ. ಹೀಗೆ ಒಂದು ಕರಾರಿನಿಂದ ಇನ್ನೊಂದು ಕಾಮಗಾರಿ, ಅದರಿಂದ ಮತ್ತೊಂದು ಉದ್ಯಮ ಹುಟ್ಟಿ ಮೈಸೂರು ಮಾದರಿ ಸಂಸ್ಥಾನವೆಂದು ಹೆಸರಾಯಿತು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ನೆಲದೊಳಗಿನ ಸಂಪತ್ತಿಗೆ ಕೊನೆಯಿದೆ. ಆದರೆ ಆ ಗಣಿಗಳ ನೆಪದಲ್ಲಿ ಹುಟ್ಟಿದ ಜಲವಿದ್ಯುತ್ತು ನಾಡಿನ ಸ್ವತ್ತಾಗಿಯೇ ಉಳಿದು ಮನೆಮನೆಯನ್ನು ಸೇರಿತು. ಜಲಪಾತವನ್ನು ಬಾಡಿಗೆಗೆ ಕೊಡದೆ ಸಂಸ್ಥಾನವೇ ಕಟ್ಟಬೇಕೆಂದು ಮಾಡಿದ ಒಂದು ನಿರ್ಧಾರದ ಫಲವಿದು.

ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರು ಅನಾವರಣಗೊಳಿಸಿದರು. ಅದರ ಹಿಂದೆ ಕೆಂಪುಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ಅಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳು ಕುಳಿತು ಓದುತ್ತಾರೆ. ದಾಖಲೆಯನ್ನು ಪೂರ್ಣವಾಗಿ ಓದಿದ ಮೇಲೆಯೇ ಮಾತನಾಡುವ ಶಿಸ್ತನ್ನು ಜೀವನದುದ್ದಕ್ಕೂ ಪಾಲಿಸಿದ ಮಹನೀಯರಿಗೆ ಗ್ರಂಥಾಲಯಕ್ಕಿಂತ ಉಚಿತವಾದ ಸ್ಮಾರಕವಿಲ್ಲ. ತಾನು ನೆಟ್ಟ ಮರದ ಹಣ್ಣನ್ನು ತಾನು ತಿನ್ನದೆ ಹೋದರೂ ನೆಡುವ ಕೆಲಸವನ್ನು ನಿಲ್ಲಿಸದವರಿಂದಲೇ ಸಮಾಜ ನಿಲ್ಲುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅಂತಹವರೊಬ್ಬರನ್ನು ಕೃತಜ್ಞತೆಯಿಂದ ನೆನೆಯುವುದು ಈ ನಗರದಲ್ಲಿ ಬಾಳುವ ಸರ್ವರ ಕರ್ತವ್ಯವಾಗಿದೆ.